ಕೊಳ್ಳುವವನ ಧರ್ಮ

ಮಾರುವವನ ಧರ್ಮವನ್ನು ಕುರಿತು ನಮ್ಮ ಪೂರ್ವಿಕರು ವಿಸ್ತಾರವಾಗಿ ವಿಚಾರಮಾಡಿದ್ದಾರೆ. ಕಳ್ಳತಕ್ಕಡಿಯನ್ನು ಹಿಡಿದವನಿಗೆ ಎಂತಹ ದಂಡ, ತೂಕದ ಕಲ್ಲುಗಳನ್ನೂ ಅಳತೆಯ ಮಾನಗಳನ್ನೂ ಪರೀಕ್ಷಿಸತಕ್ಕ ಅಧಿಕಾರಿ ಯಾರು, ಲಾಭಕ್ಕೆ ಎಲ್ಲೆ ಯಾವುದು ಎಂಬುದೆಲ್ಲವೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೇಳಲ್ಪಟ್ಟಿದೆ. ಗೊತ್ತುಮಾಡಿದ ಬೆಲೆಯ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10, ಇಷ್ಟೇ ಲಾಭವೆಂದು ಅಲ್ಲಿ ನಿಯಮವಿದೆ. ಕೊಡುವವನ ಧರ್ಮವೂ ಹಾಗೆಯೇ ವಿಚಾರಿಸಲ್ಪಟ್ಟಿದೆ. ದೇಶ, ಕಾಲ, ಪಾತ್ರ ಎಂಬ ಮೂರನ್ನೂ ನೋಡಿ ದಾನಮಾಡಬೇಕೆಂಬುದು ಅಕ್ಷರ ಬಾರದವರಿಗೂ ತಿಳಿದ ಮಾತು. ಆದರೆ ಕೊಳ್ಳುವವನಿಗೆ ಏನಾದರೂ ಧರ್ಮವಿದೆಯೆ? ಹಣವನ್ನು ಎಣಿಸಿಕೊಟ್ಟು ಸರಕನ್ನು ಕೈಗೆ ತೆಗೆದುಕೊಂಡ ಮೇಲೆ ಅವನ ಋಣ ಹರಿಯಿತೆಂದೇ ಲೋಕವು ತಿಳಿದಿದೆ. ಆ ಸರಕನ್ನು ಮಾಡಿದವರು ಯಾರು, ಅವರಿಗೆ ಸಂದದ್ದೆಷ್ಟು, ಅದನ್ನು ಮಾಡುವಾಗ ಹೊಳೆ ಕೆಟ್ಟಿತೆ, ಕಾಡು ಕೆಟ್ಟಿತೆ ಎಂದು ಕೇಳುವ ಹೊಣೆ ಕೊಳ್ಳುವವನ ಮೇಲೆ ಇದೆಯೋ ಇಲ್ಲವೋ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಧರ್ಮವಿಚಾರವು ಆಕಾಶದಲ್ಲಿ ನಡೆಯತಕ್ಕದ್ದಲ್ಲ. ಅದಕ್ಕೆ ಒಂದು ದೃಷ್ಟಾಂತ ಬೇಕು. ನಾನು ತೆಗೆದುಕೊಳ್ಳುವ ದೃಷ್ಟಾಂತವು ಅಮೆರಿಕ ಸಂಯುಕ್ತ ಸಂಸ್ಥಾನಗಳದು. ಅಲ್ಲಿ ಕೃಷ್ಣವರ್ಣೀಯರ ಸಣ್ಣ ಅಂಗಡಿಗಳಿಂದ, ಅದರಲ್ಲಿಯೂ ಕೈಯಿಂದಲೇ ಮಾಡಿದ ಮತ್ತು ಪ್ರಕೃತಿಗೆ ಹಾನಿಯಿಲ್ಲದ ಸಾಮಾನುಗಳನ್ನು ಅಂತರ್ಜಾಲದ ಮೂಲಕ ಮಾರುವವರಿಂದ, ಆದಷ್ಟು ಕೊಳ್ಳಿರಿ ಎಂಬ ಕರೆ ಕೆಲವು ವರ್ಷಗಳಿಂದ ಬಲವಾಗಿ ಕೇಳಿಬರುತ್ತಿದೆ. 2020ನೆಯ ಮೇ 25ರಂದು ಮಿನ್ನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕೃಷ್ಣವರ್ಣೀಯನು ಪೊಲೀಸಿನವನ ಮೊಣಕಾಲಿನಡಿಯಲ್ಲಿ ಪ್ರಾಣಬಿಟ್ಟ ಮೇಲೆ ದೇಶವೆಲ್ಲ ಕಲಕಿಹೋಯಿತು. ಆ ವರ್ಷವೇ ಆರೋರಾ ಜೇಮ್ಸ್ ಎಂಬ ಮಹಿಳೆ, ದೊಡ್ಡ ಅಂಗಡಿಗಳವರು ತಮ್ಮ ಕಪಾಟುಗಳಲ್ಲಿ ನೂರಕ್ಕೆ 15 ಪಾಲನ್ನು ಕೃಷ್ಣವರ್ಣೀಯರ ಸರಕಿಗೆ ಬಿಡಬೇಕೆಂದು ಕೇಳುವ ಒಂದು ಪ್ರತಿಜ್ಞೆಯನ್ನು ಹೊರಡಿಸಿದಳು. ಅಂಗಡಿಯು ಕೃಷ್ಣವರ್ಣೀಯರದೆಂದು ಗುರುತುಹಚ್ಚಿ ತೋರಿಸುವ ಏರ್ಪಾಡೂ ಅದೇ ವರ್ಷ ಗೂಗಲ್ ಸಂಸ್ಥೆಯ ಹುಡುಕುಪುಟಗಳಲ್ಲಿ ಬಂದಿತು.

ಇದನ್ನು ಹೊಸ ಹುರುಪೆಂದು ತಿಳಿಯಬಾರದು. ಬುಕರ್ ವಾಷಿಂಗ್ಟನ್ನರು 1900ರಲ್ಲಿಯೇ ತಮ್ಮ ಜನದ ವ್ಯಾಪಾರಿಗಳ ಸಂಘವನ್ನು ಬಾಸ್ಟನ್ನಿನಲ್ಲಿ ಸ್ಥಾಪಿಸಿದ್ದರು. 1903ರಲ್ಲಿ ರಿಚ್ಮಂಡ್ ನಗರದಲ್ಲಿ ಮ್ಯಾಗಿ ಲೀನಾ ವಾಕರ್ ಎಂಬಾಕೆ ಬಡವರ ಚಿಲ್ಲರೆ ಕಾಸುಗಳನ್ನು ಕೂಡಿಸಿ ಒಂದು ಬ್ಯಾಂಕನ್ನೇ ತೆರೆದಳು. 1930ರಲ್ಲಿ ಡೆಟ್ರಾಯಿಟ್ ನಗರದ ಗೃಹಿಣಿಯರು ಫ್ಯಾನಿ ಪೆಕ್ ಎಂಬಾಕೆಯ ಮುಂದಾಳುತನದಲ್ಲಿ ಸಂಘ ಕಟ್ಟಿಕೊಂಡು, ಮನೆಯ ಖರ್ಚಿನ ಹಣ ಯಾರ ಅಂಗಡಿಗೆ ಹೋಗಬೇಕೆಂಬುದನ್ನು ತಾವೇ ನಿಶ್ಚಯಿಸತೊಡಗಿದರು. ನಿಮಗೆ ಕೆಲಸ ಕೊಡದ ಅಂಗಡಿಯಲ್ಲಿ ನೀವು ಸಾಮಾನು ಕೊಳ್ಳಬೇಡಿ ಎಂಬ ಚಳವಳಿಯೂ ಆ ಕಾಲದ್ದೇ. ಅಂಗಡಿಯ ಮುಂದೆ ಶಾಂತವಾಗಿ ನಿಂತು ಹಾಗೆ ಹೇಳುವ ಹಕ್ಕು ಅವರಿಗುಂಟೆಂದು ಅಲ್ಲಿಯ ಸುಪ್ರೀಂ ಕೋರ್ಟು 1938ರಲ್ಲಿ ತೀರ್ಪುಕೊಟ್ಟಿತು. ಕೊಳ್ಳುವುದರಲ್ಲಿಯೂ ಧರ್ಮಾಧರ್ಮಗಳಿವೆಯೆಂಬುದನ್ನು ಆ ಅಡಿಗೆಮನೆಯ ತಾಯಂದಿರು ಪುಸ್ತಕ ಓದಿ ಕಲಿತವರಲ್ಲ.

ಇನ್ನು ಅವರು ಮಾರುವ ವಸ್ತುಗಳೆಂಥವು ಎಂಬುದನ್ನು ನೋಡೋಣ. ದಕ್ಷಿಣ ಕೆರೊಲೈನದ ಚಾರ್ಲ್ಸ್‌ಟನ್ ಪಟ್ಟಣದ ಹತ್ತಿರ ಮೌಂಟ್ ಪ್ಲೆಸೆಂಟ್ ಎಂಬ ಊರಿದೆ. ಅಲ್ಲಿ ಗಲ್ಲಾ ಎಂಬ ಹೆಸರಿನ ಕೃಷ್ಣವರ್ಣೀಯ ಜನರು ಒಂದು ಬಗೆಯ ಸುವಾಸನೆಯ ಹುಲ್ಲನ್ನು ಸುರುಳಿಸುರುಳಿಯಾಗಿ ಸುತ್ತಿ, ತಾಳೆಯ ಜಾತಿಯ ಗರಿಯ ಸೀಳಿನಿಂದ ಹೊಲಿದು ಬುಟ್ಟಿಗಳನ್ನು ಮಾಡುತ್ತಾರೆ. ಅವರ ಕೈಯಲ್ಲಿರುವ ಉಪಕರಣವೆಂದರೆ ತುದಿಯನ್ನು ಮಸೆದ ಹಳೆಯ ಚಮಚದ ಹಿಡಿ. ಅವರ ಪೂರ್ವಿಕರನ್ನು ಪಶ್ಚಿಮ ಆಫ್ರಿಕದಿಂದ ಹಿಡಿದುತಂದವರು ಭತ್ತದ ತೋಟಗಳಲ್ಲಿ ದುಡಿಸಿದರು. ಬತ್ತವನ್ನು ಕೇರುವುದಕ್ಕೆ ನಾವು ಮೊರವನ್ನು ಹಿಡಿಯುವಂತೆ ಅವರು ಈ ಅಗಲವಾದ ಬುಟ್ಟಿಯನ್ನು ಹಿಡಿದರು. ಒಡೆಯರ ತೋಟಗಳು ಹಾಳಾದುವು, ಬುಟ್ಟಿ ಉಳಿಯಿತು. 1930ರ ಸುಮಾರಿನಿಂದ ಹೆದ್ದಾರಿಯ ಬದಿಯಲ್ಲಿ ಅಟ್ಟಣೆಗಳನ್ನು ಹಾಕಿಕೊಂಡು ಹೆಂಗಸರು ಅದನ್ನು ಮಾರುತ್ತ ಬಂದಿದ್ದಾರೆ. 2006ರಲ್ಲಿ ಆ ಸಂಸ್ಥಾನವು ಅದನ್ನು ತನ್ನ ಕರಕುಶಲವಸ್ತುವೆಂದು ಗೌರವಿಸಿತು. ಆದರೆ ಗೌರವವು ಬಂದ ದಾರಿಯಲ್ಲಿಯೇ ಹುಲ್ಲು ಹೋಯಿತು: ಕಡಲತೀರವೆಲ್ಲ ಧನವಂತರ ಬಡಾವಣೆಗಳಾಗಿ ಬೇಲಿ ಬಿದ್ದು, ಹುಲ್ಲು ಬೆಳೆಯುವ ದಿಬ್ಬಗಳಿಗೆ ಹೆಣೆಯುವವರು ಕಾಲಿಡಲಾರದಂತಾಗಿದೆ. ಪ್ರಕೃತಿಯನ್ನು ಕಾಪಾಡುವುದೂ ಕೈಕಸುಬನ್ನು ಕಾಪಾಡುವುದೂ ಒಂದೇ ಕೆಲಸವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನೊಂದು, ಅಲಬಾಮ ಸಂಸ್ಥಾನದ ಗೀಸ್ ಬೆಂಡ್ ಎಂಬ ಹಳ್ಳಿಯ ಕೌದಿ. ಮೂರು ಕಡೆ ನದಿ ಬಳಸಿರುವ ಆ ಹಳ್ಳಿಯಲ್ಲಿ ಹಳೆಯ ತೋಟದ ಗುಲಾಮರ ಮಕ್ಕಳು ಮೊಮ್ಮಕ್ಕಳೇ ಇದ್ದಾರೆ. ಬಹಳ ಮಂದಿಗೆ ಇಂದಿಗೂ ಪೆಟ್‌ವೇ ಎಂಬ ಆ ಒಡೆಯನ ಹೆಸರೇ ಮನೆತನದ ಹೆಸರು. ಹೊಲದಲ್ಲಿ ದುಡಿದು ಹರಿದ ಷರಾಯಿ, ಅಂಗಿ, ಹಿಟ್ಟಿನ ಚೀಲ ಇವುಗಳನ್ನು ಕತ್ತರಿಸಿ ಕೂಡಿಸಿ, ಗಾಳಿ ನುಗ್ಗುವ ಗುಡಿಸಲುಗಳಲ್ಲಿ ಮಕ್ಕಳಿಗೆ ಹೊದೆಯಿಸಲೆಂದು ತಾಯಂದಿರು ಕೌದಿಗಳನ್ನು ಹೊಲಿದರು. 1932ರಲ್ಲಿ ಸಾಲ ಕೊಟ್ಟಿದ್ದ ವ್ಯಾಪಾರಿಯೊಬ್ಬನು ಸತ್ತಾಗ ಅವನ ಮನೆಯವರು ವಸೂಲಿಗೆಂದು ಬಂದು ಸುಮಾರು 60 ಕುಟುಂಬಗಳ ದನ, ಕೋಳಿ, ನೇಗಿಲು, ಕೂಡಿಟ್ಟ ಕಾಳು ಎಲ್ಲವನ್ನೂ ಹೇರಿಕೊಂಡು ಹೋದರು. 1962ರಲ್ಲಿ, ಮತದಾನದ ಹಕ್ಕನ್ನು ಕೇಳುವುದಕ್ಕೆ ಇವರು ಆಚೆದಡದ ಪಟ್ಟಣಕ್ಕೆ ಹೋಗತೊಡಗಿದ ಕಾಲದಲ್ಲಿ, ನದಿಯ ದೋಣಿಯನ್ನು ನಿಲ್ಲಿಸಲಾಯಿತು; ಅದು ಮತ್ತೆ ನಡೆದುದು 2006ರಲ್ಲಿ. ಈ ನಡುವೆ 1966ರಲ್ಲಿ ಆ ಸೀಮೆಯ ಹೆಂಗಸರು ಕೌದಿ ಹೊಲಿಯುವ ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಈ ಕೌದಿಗಳು ಗೋಡೆಗೇರಿದುವು. 2021ರಲ್ಲಿ ಅಲ್ಲಿಯ ಕೆಲವರು ಎಟ್ಸಿ ಎಂಬ ಅಂತರ್ಜಾಲದ ಸಂತೆಯಲ್ಲಿ ತಮ್ಮ ತಮ್ಮ ಹೆಸರಿನಲ್ಲಿಯೇ ಅಂಗಡಿಗಳನ್ನು ತೆರೆದರು. ದೋಣಿ ನಿಂತಿದ್ದ ಊರಿನಿಂದ ಸರಕು ಈಗ ಯಾರ ಅಪ್ಪಣೆಯನ್ನೂ ಕಾಯದೆ ಹೊರಡುತ್ತದೆ.

ವಸ್ತುಸ್ಥಿತಿ ಇಷ್ಟು. ಇನ್ನು ಪೂರ್ವಪಕ್ಷಗಳನ್ನು ಎತ್ತಿಕೊಳ್ಳೋಣ.

ಮೊದಲನೆಯ ಆಕ್ಷೇಪವು ಪಕ್ಷಪಾತದ್ದು. ನನ್ನಲ್ಲಿ ಓದಿ ಈಗ ಆ ದೇಶದಲ್ಲಿ ಸಂಸಾರ ಹೂಡಿರುವ ಶಿಷ್ಯನೊಬ್ಬನು ಇದನ್ನೇ ಬರೆದು ಕೇಳಿದ್ದನು: “ಮೇಷ್ಟ್ರೇ, ಬಣ್ಣವನ್ನು ನೋಡಿ ತಿರಸ್ಕರಿಸುವುದು ತಪ್ಪಾದರೆ ಬಣ್ಣವನ್ನು ನೋಡಿ ಪುರಸ್ಕರಿಸುವುದು ಹೇಗೆ ಸರಿ? ತುಲಾಧಾರನ ಕಥೆಯನ್ನು ನಮಗೆ ಹೇಳಿಕೊಟ್ಟವರು ನೀವೇ ಅಲ್ಲವೆ?” ಶಿಷ್ಯನ ಪ್ರಶ್ನೆ ಯೋಗ್ಯವಾದುದೇ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನು ಕಾಶಿಯ ಒಬ್ಬ ವರ್ತಕ. ಜಟೆಯಲ್ಲಿ ಹಕ್ಕಿಗಳು ಗೂಡುಕಟ್ಟಿ ಮರಿಮಾಡುವವರೆಗೂ ನಿಶ್ಚಲನಾಗಿ ನಿಂತಿದ್ದ ಜಾಜಲಿ ಎಂಬ ತಪಸ್ವಿಯು ಧರ್ಮವನ್ನು ಕೇಳುವುದಕ್ಕೆ ಈ ಅಂಗಡಿಯವನ ಬಳಿಗೆ ಬರಬೇಕಾಯಿತು. ತನ್ನ ತಕ್ಕಡಿಯು ಸಕಲ ಪ್ರಾಣಿಗಳಿಗೂ ಸಮನಾಗಿದೆ ಎಂಬುದೇ ತುಲಾಧಾರನು ಹೇಳಿದ ಉಪದೇಶದ ಸಾರ. ಮಾರುವವನ ತಕ್ಕಡಿ ಸಮನಾಗಿರಬೇಕಾದರೆ ಕೊಳ್ಳುವವನ ಕಣ್ಣೂ ಸಮನಾಗಿರಬೇಡವೆ ಎಂಬುದು ಆಕ್ಷೇಪದ ತಿರುಳು.

ಇದಕ್ಕೆ ಸಮಾಧಾನವನ್ನು ತಕ್ಕಡಿಯಿಂದಲೇ ಹೇಳಬಹುದು. ತುಪ್ಪವನ್ನು ತೂಗುವ ಅಂಗಡಿಯವನು ಮೊದಲು ಏನು ಮಾಡುತ್ತಾನೆ? ಗಿರಾಕಿಯ ಬರಿಯ ಪಾತ್ರೆಯನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆಯಲ್ಲಿ ಅಷ್ಟೇ ತೂಕದ ಕಲ್ಲುಚೂರುಗಳನ್ನು ಇಟ್ಟು ಧಡೆ ಕಟ್ಟುತ್ತಾನೆ. ಆಮೇಲೆ ತೂಕ. ಧಡೆಯ ಕಲ್ಲನ್ನು ಕಂಡು “ಇವನು ಒಂದು ಕಡೆಗೆ ಹೆಚ್ಚು ಹಾಕಿದನು, ಪಕ್ಷಪಾತಿ” ಎಂದು ಯಾರಾದರೂ ಕೂಗಿದರೆ ಅಂಗಡಿಯವರೆಲ್ಲ ನಗುವರು. ಧಡೆ ಕಟ್ಟದೆ ತೂಗುವುದೇ ಮೋಸ. ಆದುದರಿಂದ ಕೇಳಬೇಕಾದ ಪ್ರಶ್ನೆ, ಆ ದೇಶದ ತಕ್ಕಡಿಯಲ್ಲಿ ಮೊದಲೇ ಒಂದು ಕಡೆಗೆ ಭಾರವಿದೆಯೋ ಇಲ್ಲವೋ ಎಂಬುದು.

ಇದೆಯೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಬಿಡುಗಡೆಯಾದವರಿಗೆ ಕಡಲತೀರದ ಕೆಲವೆಡೆ ಹಂಚಿದ್ದ ಭೂಮಿಯನ್ನು ಆ ವರ್ಷವೇ ಅಧ್ಯಕ್ಷ ಆಂಡ್ರೂ ಜಾನ್ಸನ್ನನು ಹಳೆಯ ಒಡೆಯರಿಗೆ ಹಿಂದಿರುಗಿಸಿದನು. ಅದೇ ವರ್ಷ ಅವರ ಉಳಿತಾಯಕ್ಕೆಂದು ಸರ್ಕಾರದ ಸನ್ನದಿನಿಂದ ಸ್ಥಾಪಿತವಾದ ಬ್ಯಾಂಕು, ನಡೆಸುವವರು ಹಣವನ್ನು ಅಪಾಯದ ಸಾಲಗಳಲ್ಲಿ ತೊಡಗಿಸಿದುದರಿಂದ 1874ರಲ್ಲಿ ಮುಳುಗಿತು. 61,000ಕ್ಕೂ ಹೆಚ್ಚು ಮಂದಿ ಸುಮಾರು 30 ಲಕ್ಷ ಡಾಲರುಗಳನ್ನು ಕಳೆದುಕೊಂಡರು. ಓಕ್ಲಹೋಮ ಸಂಸ್ಥಾನದ ಟಲ್ಸ ನಗರದ ಗ್ರೀನ್‌ವುಡ್ ಪೇಟೆಯಲ್ಲಿ ಈ ಜನರು ಹೋಟಲು, ನಾಟಕಶಾಲೆ, ಔಷಧದಂಗಡಿ, ಪತ್ರಿಕಾಲಯಗಳನ್ನು ಕಟ್ಟಿ ಬೆಳೆದಿದ್ದರು. 1921ನೆಯ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಸುಮಾರು 35 ಚೌಕಗಳ ಆ ಪೇಟೆಯನ್ನು ಸುಟ್ಟುಹಾಕಿತು. ಸಾವಿರಕ್ಕೆ ಮೀರಿದ ಮನೆಗಳು ಬೂದಿಯಾದುವು. ವಿಮೆಯ ಸಂಸ್ಥೆಗಳು ದೊಂಬಿಯ ನಷ್ಟಕ್ಕೆ ತಾವು ಹೊಣೆಯಲ್ಲವೆಂಬ ಕರಾರನ್ನು ತೋರಿಸಿ ಪರಿಹಾರವನ್ನು ನಿರಾಕರಿಸಿದುವು. 1930ರ ದಶಕದಲ್ಲಿ ಸರ್ಕಾರದ ಗೃಹಸಾಲದ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಯಿಸಿ, ಕೃಷ್ಣವರ್ಣೀಯರ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿ, ಇಲ್ಲಿ ಸಾಲ ಕೊಡುವುದು ಅಪಾಯವೆಂದು ಗುರುತುಮಾಡಿತು. ಮನೆಯ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ಇಂತಹ ಭೇದವನ್ನು ನಿಷೇಧಿಸಿದ ಕಾನೂನು ಬಂದುದು 1968ರಲ್ಲಿ.

ಇದರ ಫಲವು ಹೇಗೆ ಅಂಗಡಿಯವರೆಗೆ ಬರುತ್ತದೆಂಬುದನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ. ಸಣ್ಣ ವ್ಯಾಪಾರವನ್ನು ಹೂಡುವವನಿಗೆ ಮೂಲಧನವು ಎಲ್ಲಿಂದ ಬರುತ್ತದೆ? ತಂದೆಯ ಮನೆಯನ್ನು ಅಡವಿಟ್ಟು, ಇಲ್ಲವೆ ಮಾವನಿಂದಲೋ ಅಣ್ಣನಿಂದಲೋ ಕೈಸಾಲ ತಂದು. ತಂದೆಗೆ ಮನೆ ಕೊಳ್ಳಲು ಸಾಲವೇ ಸಿಕ್ಕದಿದ್ದರೆ ಮಗನಿಗೆ ಅಡವಿಡಲು ಮನೆಯಿಲ್ಲ. ಬಂಧುಗಳೆಲ್ಲರದೂ ಅದೇ ಪಾಡಾದರೆ ಕೈಸಾಲವೂ ಇಲ್ಲ. ಆ ದೇಶದ ಫೆಡರಲ್ ರಿಸರ್ವ್ ಎಂಬ ಕೇಂದ್ರ ಬ್ಯಾಂಕಿನ 2022ರ ಲೆಕ್ಕದಂತೆ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರು. ನಡುಮಟ್ಟದ ಕೃಷ್ಣವರ್ಣೀಯ ಕುಟುಂಬದ್ದು 44,900 ಡಾಲರು. ಆರು ಪಾಲಿಗೂ ಮಿಕ್ಕ ಅಂತರ. ತಕ್ಕಡಿಯ ತಟ್ಟೆಯಲ್ಲಿ ಮೊದಲೇ ಕುಳಿತಿರುವ ಭಾರವೆಂದರೆ ಇದು. ಇದನ್ನು ಕಂಡೂ ಕಾಣದಂತೆ “ನನಗೆ ಎಲ್ಲರೂ ಸಮಾನರು” ಎನ್ನುವುದು ಸಮದರ್ಶನವಲ್ಲ, ಧಡೆ ಕಟ್ಟದೆ ತೂಗುವುದು. ಬಣ್ಣಕ್ಕಾಗಿ ಕೊಳ್ಳುವುದು ಬೇರೆ, ಬಣ್ಣದ ನೆಪದಿಂದ ಆದ ಅನ್ಯಾಯವನ್ನು ಲೆಕ್ಕಕ್ಕೆ ತೆಗೆದುಕೊಂಡು ಕೊಳ್ಳುವುದು ಬೇರೆ. ಆ ಭಾರವು ಇಳಿದ ದಿನ ಧಡೆಯ ಕಲ್ಲನ್ನೂ ತೆಗೆಯತಕ್ಕದ್ದೇ.

ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ಹೀಗೆ ಕೊಳ್ಳುವುದು ಕ್ರಯದ ವೇಷವನ್ನು ಹಾಕಿದ ದಾನವಾಗುವುದಿಲ್ಲವೆ? ದಾನವೆಂದಾದರೆ ಮಾರುವವಳ ಮಾನಕ್ಕೆ ಕುಂದಲ್ಲವೆ? ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪಬೇಕು. ದಾನದಲ್ಲಿ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ಕ್ರಯದಲ್ಲಿ ಎರಡು ಕೈಗಳೂ ಒಂದೇ ಎತ್ತರದಲ್ಲಿರುತ್ತವೆ. ಅದೇ ಅದರ ಹಿರಿಮೆ. ಕನಿಕರದಿಂದ ಬುಟ್ಟಿಯನ್ನು ಕೊಂಡು ಮೂಲೆಗೆಸೆದು, “ಪಾಪ, ಬಡವರಿಗೆ ಸಹಾಯ ಮಾಡಿದೆ” ಎಂದು ನೆಂಟರೆದುರು ಹೇಳಿಕೊಳ್ಳುವವನು ಕ್ರಯವನ್ನೂ ಮಾಡಲಿಲ್ಲ, ದಾನವನ್ನೂ ಮಾಡಲಿಲ್ಲ. ವಾರಗಟ್ಟಲೆ ಕುಳಿತು ಆ ಬುಟ್ಟಿಯನ್ನು ಹೆಣೆದವಳು ಅದರಲ್ಲಿ ರೊಟ್ಟಿಯನ್ನೋ ಹಣ್ಣನ್ನೋ ಇಡುವರೆಂದು ತಿಳಿದು ಹೆಣೆದಳು.

ಆದುದರಿಂದ ಇಂತಹ ಕ್ರಯದಲ್ಲಿ ಮೂರು ನಿಯಮಗಳು ಇರತಕ್ಕದ್ದೆಂದು ನನಗೆ ತೋರುತ್ತದೆ. ವಸ್ತುವು ನಮಗೆ ಬೇಕಾಗಿರಬೇಕು. ಅದರ ಗುಣವನ್ನು ಮರೆಯಿಲ್ಲದೆ ಪರೀಕ್ಷಿಸಬೇಕು. ಹೊಲಿಗೆ ಬಿಟ್ಟಿದ್ದರೆ ಬಿಟ್ಟಿದೆಯೆಂದು ಹೇಳುವುದೇ ಮರ್ಯಾದೆ, ಏಕೆಂದರೆ ತಪ್ಪನ್ನು ಹೇಳದೆ ಬಿಡುವುದು ಮಕ್ಕಳೊಡನೆಯೂ ಅಸಮರೊಡನೆಯೂ ನಾವು ನಡೆದುಕೊಳ್ಳುವ ರೀತಿ. ಮೂರನೆಯದಾಗಿ, ಕೇಳಿದ ಬೆಲೆಯು ಕೆಲಸದ ಹೊತ್ತಿಗೆ ತಕ್ಕುದಾಗಿದ್ದರೆ ಚೌಕಾಸಿಮಾಡದೆ ಕೊಡಬೇಕು. ಮಾರುವವರೂ ತಮ್ಮ ಧರ್ಮವನ್ನು ಬಿಡಕೂಡದು. ಕೈಕೆಲಸವೆಂದು ಹೆಸರಿಟ್ಟು ಯಂತ್ರದ ಸರಕನ್ನು ಮಾರುವವರು ಎಲ್ಲ ಬಣ್ಣಗಳಲ್ಲಿಯೂ ಇದ್ದಾರೆ. 2005ರಲ್ಲಿ ಕೈಕೆಲಸದ ವಸ್ತುಗಳಿಗೆಂದೇ ಹುಟ್ಟಿದ ಎಟ್ಸಿ ಸಂತೆಯಲ್ಲಿಯೂ 2013ರಿಂದ ಹೊರಗಿನ ತಯಾರಕರ ನೆರವನ್ನು ಪಡೆಯುವುದಕ್ಕೆ ಅವಕಾಶವಾಗಿದೆ. ಮಾಡಿದವರು ಯಾರು, ಯಾವುದರಿಂದ ಮಾಡಿದರು ಎಂದು ಕೇಳುವುದು ಕೊಳ್ಳುವವನ ಅಧಿಕಾರ. ಅಂತರ್ಜಾಲವು ದಲ್ಲಾಳಿಯನ್ನು ತೆಗೆದುಹಾಕಿತೆಂದು ಹಿಗ್ಗುವುದೂ ಪೂರ್ತಿ ಸರಿಯಲ್ಲ. ಸಂತೆಯ ಒಡೆಯನಿಗೆ ಸುಂಕವಿದ್ದೇ ಇದೆ: ಅದೇ ಸಂತೆಯಲ್ಲಿ ಪ್ರತಿ ಮಾರಾಟದ ಮೇಲಿನ ಶುಲ್ಕವು 2022ನೆಯ ಏಪ್ರಿಲಿನಲ್ಲಿ ನೂರಕ್ಕೆ 5ರಿಂದ 6.5ಕ್ಕೆ ಏರಿದಾಗ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಮಾಡಿದವರ ಸ್ವಂತ ಅಂಗಡಿಯಿದ್ದರೆ ಅಲ್ಲಿಯೇ ಕೊಳ್ಳುವುದು ಮೇಲು.

ಮೂರನೆಯ ಆಕ್ಷೇಪವು ಪ್ರಕೃತಿಯ ಕಡೆಯಿಂದ ಬರುತ್ತದೆ. ಪರಿಸರಕ್ಕೆ ಹಿತವಾದುದೆಂದು ಹೆಸರಿಟ್ಟ ವಸ್ತುವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ವಿಮಾನದಲ್ಲಿಯೂ ಲಾರಿಯಲ್ಲಿಯೂ ಸಾವಿರ ಮೈಲಿ ಹೊತ್ತು ತರುವುದು ಎಂತಹ ಹಿತ? ಅಪರಿಗ್ರಹವನ್ನು ವ್ರತವೆಂದು ಎಣಿಸಿದ ನಮಗೆ, ಹೆಚ್ಚು ಕೊಳ್ಳುವುದರಿಂದ ಭೂಮಿ ಉಳಿಯುತ್ತದೆಂಬ ಮಾತು ನಗೆಗೇಡಲ್ಲವೆ? ಈ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನವಿಲ್ಲ. ಒಂದು ಕಡೆ ಕಸುಬಿನವರನ್ನು ಉಳಿಸಲು ಕೊಳ್ಳಬೇಕು, ಇನ್ನೊಂದು ಕಡೆ ಭೂಮಿಯನ್ನು ಉಳಿಸಲು ಕೊಳ್ಳದಿರಬೇಕು; ಎರಡು ಧರ್ಮಗಳು ಎದುರುಬದುರಾಗಿವೆ. ಆದರೆ ದಾರಿ ಇಲ್ಲದಿಲ್ಲ. ಹೇಗಾದರೂ ಕೊಳ್ಳಲೇಬೇಕಾದ ಸಾಬೂನು, ಬುಟ್ಟಿ, ಹೊದಿಕೆ, ಮೇಣದಬತ್ತಿ ಇಂತಹವನ್ನು ದೊಡ್ಡ ಕಾರ್ಖಾನೆಯಿಂದ ತರುವ ಬದಲು ಇವರಿಂದ ತಂದರೆ ಕೊಳ್ಳುವ ಮೊತ್ತವು ಹೆಚ್ಚುವುದಿಲ್ಲ, ಹಣವು ಹರಿಯುವ ಕಾಲುವೆ ಮಾತ್ರ ಬದಲಾಗುತ್ತದೆ. ಮತ್ತು ಒಂದು ಬುಟ್ಟಿಯು ಎರಡು ತಲೆಮಾರು ಬಾಳಿದರೆ ಆ ಮನೆಯು ಕೊಳ್ಳಬೇಕಾಗಿದ್ದ ಇಪ್ಪತ್ತು ಪ್ಲಾಸ್ಟಿಕ್ ಬುಟ್ಟಿಗಳು ಹುಟ್ಟದೆಯೇ ಉಳಿಯುತ್ತವೆ. ಗೀಸ್ ಬೆಂಡಿನ ತಾಯಂದಿರು ಪರಿಸರವೆಂಬ ಮಾತನ್ನು ಆಡದೆಯೇ ಒಂದು ಚಿಂದಿಯನ್ನೂ ಬಿಸಾಡಲಿಲ್ಲ. ಅವರ ಕೌದಿಯನ್ನು ಕೊಂಡವನು ಅವರ ಈ ಬುದ್ಧಿಯನ್ನೂ ಕೊಂಡುಹೋದರೆ, ಹರಿದ ಬಟ್ಟೆಯನ್ನು ಎಸೆಯುವ ಮುಂಚೆ ಒಂದು ಸಲ ನಿಲ್ಲುವನು.

ಕೊನೆಯ ಆಕ್ಷೇಪ: ಇಷ್ಟು ದೊಡ್ಡ ಅನ್ಯಾಯಕ್ಕೆ ಇಷ್ಟು ಸಣ್ಣ ಮದ್ದೆ? ಒಂದು ಸಾಬೂನನ್ನು ಕೊಂಡರೆ ಸುಟ್ಟ ಗ್ರೀನ್‌ವುಡ್ ಮತ್ತೆ ಏಳುವುದೆ? ಏಳುವುದಿಲ್ಲ. ಭೂಮಿ, ಸಾಲ, ವಿದ್ಯೆ, ಕಾನೂನು ಇವುಗಳಲ್ಲಿ ರಾಜ್ಯವು ಮಾಡಬೇಕಾದುದನ್ನು ಗೃಹಿಣಿಯ ಕೈಚೀಲವು ಮಾಡಲಾರದು. ಕೊಂಡೆನೆಂಬ ತೃಪ್ತಿಯು ಕೇಳಬೇಕಾದ ನ್ಯಾಯವನ್ನು ಮರೆಯಿಸಿದರೆ ಆ ಕ್ರಯದಿಂದ ಕೇಡೇ ಆದೀತು. ಆದರೆ ದೊಡ್ಡದನ್ನು ಮಾಡಲಾರದವನು ಸಣ್ಣದನ್ನು ಬಿಡಬೇಕೆಂಬ ನಿಯಮವೆಲ್ಲಿದೆ? 1955ನೆಯ ಡಿಸೆಂಬರಿನಿಂದ ಒಂದು ವರ್ಷಕ್ಕೂ ಮಿಕ್ಕು ಮಾಂಟ್‌ಗೊಮರಿ ನಗರದ ಕೃಷ್ಣವರ್ಣೀಯರು ಬಸ್ಸಿನ ಚೀಟಿಯನ್ನು ಕೊಳ್ಳದೆ ನಡೆದೇ ಹೋದರು. ಒಬ್ಬೊಬ್ಬರದು ಕೆಲವು ಕಾಸುಗಳ ಮಾತು. ಕೂಡಿದಾಗ ಅದು ಕಾನೂನನ್ನು ಬದಲಿಸಿತು.

ಇಲ್ಲಿ ಮೀಮಾಂಸಕರ ಒಂದು ವಿಂಗಡಣೆಯು ಉಪಯೋಗಕ್ಕೆ ಬರುತ್ತದೆ. ಯಾವುದಾದರೂ ನಿಮಿತ್ತ ಬಂದಾಗ ಮಾತ್ರ ಮಾಡುವ ಕರ್ಮವು ನೈಮಿತ್ತಿಕ. ನಿಮಿತ್ತವಿರಲಿ ಬಿಡಲಿ ಮಾಡಲೇಬೇಕಾದುದು ನಿತ್ಯ. 2020ರ ಆ ಬೇಸಗೆಯಲ್ಲಿ ಕೊಂಡವರು ಬಹುಮಂದಿ ನೈಮಿತ್ತಿಕವಾಗಿ ಕೊಂಡರು. ಸಾವಿನ ಸುದ್ದಿಯು ಹಳತಾಗುತ್ತಲೇ ಉತ್ಸಾಹವೂ ಇಳಿಯಿತು. 2025ರಲ್ಲಿ ಹಲವು ದೊಡ್ಡ ವ್ಯಾಪಾರಸಂಸ್ಥೆಗಳು ಈ ವಿಷಯದಲ್ಲಿ ತಾವು ಕೊಟ್ಟಿದ್ದ ಮಾತುಗಳನ್ನು ಹಿಂತೆಗೆದುಕೊಂಡುವು. ಆದರೆ ಬುಟ್ಟಿ ಹೆಣೆಯುವವಳ ಮನೆಯಲ್ಲಿ ಒಲೆ ನಿತ್ಯವೂ ಉರಿಯಬೇಕು. ಒಂದು ಜೂನಿನಲ್ಲಿ ಹತ್ತು ಬುಟ್ಟಿ ಕೊಂಡು ಆಮೇಲೆ ಮರೆತವನಿಗಿಂತ ವರ್ಷಕ್ಕೊಂದರಂತೆ ಹತ್ತು ವರ್ಷ ಕೊಂಡವನು ಅವಳಿಗೆ ಹೆಚ್ಚು ಉಪಕಾರಿ. ಧಡೆ ಕಟ್ಟುವುದು ಹಬ್ಬದ ದಿನ ಮಾಡುವ ಕೆಲಸವಲ್ಲವಷ್ಟೆ.

ಇಷ್ಟೆಲ್ಲ ನಮಗೇತಕ್ಕೆ, ದೂರದ ದೇಶದ ಮಾತು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮಗೆ ಇದರಲ್ಲಿ ಋಣವಿದೆ. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. 1917ರ ಕಾನೂನು ಅಲ್ಲಿಗೆ ನಮ್ಮವರು ನೆಲಸಲು ಹೋಗುವ ಬಾಗಿಲನ್ನು ಮುಚ್ಚಿತ್ತು. 1946ರಲ್ಲಿ ವರ್ಷಕ್ಕೆ ಸುಮಾರು 100 ಮಂದಿ ಭಾರತೀಯರಿಗೆ ಎಡೆಮಾಡಿದರು. ಬಾಗಿಲು ತೆರೆದುದು 1965ರ ಕಾನೂನಿನಿಂದ. ಕೃಷ್ಣವರ್ಣೀಯರು ಏಟು ತಿಂದು, ಸೆರೆಗೆ ಹೋಗಿ, ಪ್ರಾಣಕೊಟ್ಟು ನಡೆಸಿದ ಹೋರಾಟದಿಂದ 1964ರ ನಾಗರಿಕ ಹಕ್ಕುಗಳ ಕಾನೂನೂ 1965ರ ಮತದಾನದ ಕಾನೂನೂ ಬಂದುವು. ಜನಾಂಗಭೇದವನ್ನು ಅಳಿಸುವ ಆ ಗಾಳಿಯಲ್ಲಿಯೇ ವಲಸೆಯ ಕಾನೂನೂ ಬದಲಾಯಿತು. ಅವರು ಕಟ್ಟಿದ ಸೇತುವೆಯ ಮೇಲೆ ನಮ್ಮ ಮಕ್ಕಳು ದಾಟಿದ್ದಾರೆ. ಆ ಸೇತುವೆ ಯಾರದೆಂದು ಕೇಳದೆ ಹೋಗುವುದು ಕೃತಜ್ಞರ ಲಕ್ಷಣವಲ್ಲ.

ಈ ಸಂಬಂಧವು ಇನ್ನೂ ಹಳೆಯದು. ಗಾಂಧೀಜಿಯವರು 1903ರಲ್ಲಿಯೇ ದಕ್ಷಿಣ ಆಫ್ರಿಕದ ತಮ್ಮ ಪತ್ರಿಕೆಯಲ್ಲಿ ಬುಕರ್ ವಾಷಿಂಗ್ಟನ್ನರ ವಿಷಯವಾಗಿ ಬರೆದರು. 1929ರಲ್ಲಿ ಡುಬಾಯ್ಸ್ ಅವರ ಪತ್ರಿಕೆಗೆ ಅವರು ಕಳುಹಿಸಿದ ಸಂದೇಶದ ತಾತ್ಪರ್ಯವು, ಗುಲಾಮರ ಮೊಮ್ಮಕ್ಕಳಾಗಿರುವುದರಲ್ಲಿ ಅಪಮಾನವಿಲ್ಲ, ಗುಲಾಮರನ್ನು ಇಟ್ಟುಕೊಂಡವರಾಗಿರುವುದರಲ್ಲಿಯೇ ಅಪಮಾನ ಎಂಬುದು. 1946ರಲ್ಲಿ ಅಂಬೇಡ್ಕರರು ಅದೇ ಡುಬಾಯ್ಸರಿಗೆ ಪತ್ರ ಬರೆದು, ಅವರ ಜನವು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದರು. ಅಲ್ಲಿಯ ಬಣ್ಣವನ್ನೂ ಇಲ್ಲಿಯ ಜಾತಿಯನ್ನೂ ಒಟ್ಟಿಗೆ ಇಟ್ಟು ನೋಡಿದವರು ಅವರು. ನಾವೂ ನೋಡುವುದು ಒಳ್ಳೆಯದು. ಮೇದರು ಹೆಣೆದ ಮೊರವು ಮಡಿಯ ಅಡಿಗೆಮನೆಗೂ ಬರುತ್ತಿತ್ತು. ಹೆಣೆದವರು ಜಗಲಿಯನ್ನು ದಾಟುತ್ತಿರಲಿಲ್ಲ. ಇಂದು ಗಾಜಿನ ಕಪಾಟಿನ ದೊಡ್ಡ ಅಂಗಡಿಯಲ್ಲಿ ಅಚ್ಚುಹಾಕಿದ ಬೆಲೆಯನ್ನು ಬಾಯಿಮುಚ್ಚಿಕೊಂಡು ಕೊಡುವ ನಾವೇ, ಬಿಸಿಲಿನಲ್ಲಿ ಮೊರ ಮಾರುವವಳೊಡನೆ ಹತ್ತು ರೂಪಾಯಿಗಾಗಿ ಅರ್ಧಗಂಟೆ ಚೌಕಾಸಿಮಾಡುತ್ತೇವೆ. ನಮ್ಮ ತಕ್ಕಡಿಯಲ್ಲಿ ಯಾವ ಭಾರವಿದೆಯೆಂದು ಯಾರು ಪರೀಕ್ಷಿಸಬೇಕು?

ಆಫ್ರಿಕದ ರಕ್ತವೂ ನಮ್ಮ ನಾಡಿನಲ್ಲಿಯೇ ಇದೆ. ಉತ್ತರಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆಯ ಸಿದ್ದಿ ಜನರ ಪೂರ್ವಿಕರಲ್ಲಿ ಬಹುಮಂದಿ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರು. ತಪ್ಪಿಸಿಕೊಂಡು ಕಾಡು ಸೇರಿದರು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಹೆಂಗಸರೂ ಹಳೆಯ ಬಟ್ಟೆಯ ತುಂಡುಗಳಿಂದ ಕೌದಿಯನ್ನು ಹೊಲಿಯುತ್ತಾರೆ: ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಕೆಯ ತುಂಡುಗಳನ್ನು ಇಡದೆ ಕೌದಿ ಪೂರ್ತಿಯಾಯಿತೆನ್ನುವುದಿಲ್ಲ. ಈ ಶತಮಾನದ ಆರಂಭದಲ್ಲಿ ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾಚರಿತ್ರಕಾರರು ಬಂದು ನೋಡಿ, ಅವರು ಸಹಕಾರದಿಂದ ಮಾರುವುದಕ್ಕೆ ನೆರವಾದರು. ನಮ್ಮ ನಾಡಿನ ಈ ಕೌದಿಯ ಬೆಲೆಯನ್ನು ಅಷ್ಟು ದೂರದಿಂದ ಬಂದವರೊಬ್ಬರು ಕಂಡರು.

ಆದುದರಿಂದ ನಾನು ಹೇಳುವ ಸಿದ್ಧಾಂತವು ಇಷ್ಟು. ಹಣ ಕೊಟ್ಟಮಾತ್ರಕ್ಕೆ ಕೊಳ್ಳುವವನ ಋಣ ಹರಿಯುವುದಿಲ್ಲ. ಅನ್ಯಾಯದಿಂದ ಹಿಂದೆಬಿದ್ದವರ ಅಂಗಡಿಯನ್ನು ಹುಡುಕಿಕೊಂಡು ಹೋಗುವುದು ಪಕ್ಷಪಾತವಲ್ಲ. ಹೋದಮೇಲೆ ಕನಿಕರವನ್ನು ಹೊರಗಿಟ್ಟು, ವಸ್ತುವನ್ನು ನೋಡಿ, ತಕ್ಕ ಬೆಲೆ ಕೊಟ್ಟು, ಬಳಸುವುದಕ್ಕಾಗಿಯೇ ಕೊಳ್ಳಬೇಕು. ಬೇಡದುದನ್ನು ಯಾರಿಂದಲೂ ಕೊಳ್ಳಬಾರದು. ಒಂದು ದಿನದ ಉತ್ಸಾಹಕ್ಕಿಂತ ವರ್ಷಾಂತರದ ಅಭ್ಯಾಸವು ಮೇಲು. ಹೊರದೇಶದಲ್ಲಿರುವ ಮಕ್ಕಳಿಗೆ ಪತ್ರ ಬರೆಯುವಾಗ ಈ ಮಾತನ್ನೂ ಒಂದು ಸಾಲು ಸೇರಿಸಬಹುದು. ನಮ್ಮ ಪೇಟೆಯಲ್ಲಿ ಮುಂದಿನ ವಾರ ಮೊರ ಕೊಳ್ಳುವಾಗ ಅದನ್ನು ನಾವೇ ಆಚರಿಸಿ ನೋಡಿದರೆ, ಬರೆಯುವ ಅಧಿಕಾರವೂ ನಮಗೆ ಬರುತ್ತದೆ.